ಉತ್ತರಕ್ಕಿಂತ ಮೊದಲು ಪ್ರಶ್ನೆ
ಬೇಯ್ಸ್ ಸೂತ್ರವನ್ನ ನಾವು ಪರೀಕ್ಷೆಗೆ ಉರು ಹೊಡೀತೀವಿ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ತಂಡ ಅದೇ ಸೂತ್ರದಿಂದ ದಿಢೀರ್ ಹೊಟ್ಟೆನೋವಿನ ಕಾರಣ ಹುಡುಕಿತು. ನೋವು ಎಲ್ಲಿದೆ, ಯಾವಾಗ ಶುರುವಾಯ್ತು, ವಾಂತಿ ಆಗಿದೆಯಾ ಅಂತ ಡಾಕ್ಟರು ಕೇಳಿ ಫಾರಂ ತುಂಬಬೇಕು. ಯಾವ ಕಾಯಿಲೆಗೆ ಎಷ್ಟು ಸಂಭವನೀಯತೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. 304 ರೋಗಿಗಳಲ್ಲಿ ಕಂಪ್ಯೂಟರ್ ಹೇಳಿದ್ದು 91.8% ಸರಿ, ಹಿರಿಯ ವೈದ್ಯರು ಹೇಳಿದ್ದು 79.6%.

ಆದರೆ ನಾವು ಗಮನಿಸಬೇಕಾದ್ದು ಬೇರೆ. ಪ್ರಯೋಗ ನಡೆದಷ್ಟು ದಿನ ವೈದ್ಯರ ಸ್ವಂತ ನಿರ್ಣಯಗಳೂ ಸುಧಾರಿಸಿದವು. ಆಪರೇಷನ್‌ಗೆ ಮುಂಚೆಯೇ ಅಪೆಂಡಿಕ್ಸ್ ಒಡೆಯೋದು ಕಡಿಮೆಯಾಯ್ತು. ಪ್ರಯೋಗ ನಿಂತ ಮೇಲೆ ಆ ಸುಧಾರಣೆ ಉಳಿಯಲಿಲ್ಲ. ಅಂದ್ರೆ, ಪ್ರತಿ ರೋಗಿಗೂ ಎಲ್ಲ ಪ್ರಶ್ನೆ ಕೇಳೋ ಶಿಸ್ತಿಗೂ ಬೆಲೆ ಇತ್ತು. ನಾಳೆ ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯೋ ನಾವು ಆ ಫಾರಂ ಮೇಲೂ ಅಷ್ಟೇ ತಲೆ ಓಡಿಸಬೇಕು.