ಶುಶ್ರೂಷೆಯಲ್ಲಿ ವಿವೇಚನೆ



ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ 4 ಪಾದಗಳನ್ನು ಹೇಳುತ್ತದೆ. ಪರಿಚಾರಕನ ಗುಣಗಳೂ ನಾಲ್ಕು: ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಜ್ಞಾನವನ್ನು ಮೊದಲು ಹೇಳಿರುವುದು ಗಮನಾರ್ಹ. ವೈದ್ಯರಾದ ನಾವು ರೋಗಿಯ ಬಳಿ ಇರುವುದು ಕೆಲವೇ ನಿಮಿಷ. ಹಗಲಿರುಳು ಇರುವವರು ದಾದಿಯರು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನ ರೋಗಿಗೆ ಜ್ವರವಿಲ್ಲ, ರಕ್ತದೊತ್ತಡವೂ ಸರಿಯಿದೆ ಎಂದಿಟ್ಟುಕೊಳ್ಳೋಣ. ಆದರೆ ನಾಡಿ ನಿಮಿಷಕ್ಕೆ 84ರಿಂದ 112ಕ್ಕೆ, ಉಸಿರಾಟ 16ರಿಂದ 26ಕ್ಕೆ ಏರಿದೆ; ಮೂತ್ರ ಕಡಿಮೆಯಾಗಿದೆ. ಬಿಡಿಯಾಗಿ ನೋಡಿದರೆ ನೋವಿನ ಪರಿಣಾಮವೆನ್ನಬಹುದು. ಕೂಡಿಸಿ ನೋಡಿದಾಗ ಒಳಗಿನ ರಕ್ತಸ್ರಾವ ಅಥವಾ ನಂಜಿನ ಶಂಕೆ ಮೂಡಬೇಕು. ಅನೇಕ ವೇಳೆ ರಕ್ತದೊತ್ತಡ ಕುಸಿಯುವುದು ತಡವಾಗಿ. ಅದಕ್ಕೆ ಕಾಯದೆ ವೈದ್ಯರನ್ನು ಕರೆಯುವುದೇ ದಾದಿಯ ವಿವೇಚನೆ.

ಜ್ವರದಿಂದ ಮಲಗಿದ ವೃದ್ಧರು ಇದ್ದಕ್ಕಿದ್ದಂತೆ ಮಂಕಾದರೆ, ಗುರುತು ತಪ್ಪಿದರೆ, ಅದನ್ನು ವಯಸ್ಸಿನ ಮರೆವೆಂದು ಬಿಡಬಾರದು.

ಕಲಘಟಗಿ ಸೀಮೆಯಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮೊದಲಾದ ಆಸ್ಪತ್ರೆಗಳಿಗೆ ರೋಗಿಯೊಡನೆ ಹೋಗುವ ಬಂಧುಗಳಿಗೂ ಇಲ್ಲಿ ಪಾತ್ರವಿದೆ. ರೋಗಿಯ ನಿತ್ಯದ ನಡೆನುಡಿ ಬಲ್ಲವರು ನೀವು. “ಅಪ್ಪ ನಿನ್ನೆಯ ಹಾಗಿಲ್ಲ” ಎಂದೆನಿಸಿದರೆ ರಾತ್ರಿಯಾದರೂ ಸಂಕೋಚವಿಲ್ಲದೆ ದಾದಿಗೆ ತಿಳಿಸಿರಿ. ಶಸ್ತ್ರಚಿಕಿತ್ಸೆಯಾದವರಿಗೆ ಅಪ್ಪಣೆಯಿಲ್ಲದೆ ನೀರು, ಗಂಜಿ ಕೊಡಬೇಡಿರಿ.

ಮನೆಯಲ್ಲಿ ಆರೈಕೆ ಮಾಡುವವರು ರೋಗಿಯ ಉಸಿರನ್ನು ಪೂರ್ಣ ಒಂದು ನಿಮಿಷ ಎಣಿಸಿರಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಸಹಜ. 24 ದಾಟಿದರೆ ಅಥವಾ ಎಚ್ಚರ ಮಂದವಾದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆಮಾಡಿರಿ.