ಸೊಪ್ಪು ಬಿಟ್ಟರೆ ಹಲ್ಲು ನೋಯುತ್ತದೆಯೇ?

ಪ್ರಶ್ನೆ: ನಮ್ಮತ್ತೆಗೆ ಈಗ 72 ವರ್ಷ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕಿಕೊಳ್ಳುವುದು ರೂಢಿ. ದವಡೆ ಹಲ್ಲು ಬಿದ್ದುಹೋಗಿವೆ, ಮುಂದಿನವು ಅಲ್ಲಾಡುತ್ತವೆ. ಅದಕ್ಕೇ ಈಗ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಬಾಯಿಗೆ ಹಾಕುತ್ತಾರೆ. ಬಿಡಿ ಅಂದರೆ, ‘ಸೊಪ್ಪು ಹಾಕದ ದಿನ ಹಲ್ಲು ಜಾಸ್ತಿ ನೋಯುತ್ತೆ ಕಣಮ್ಮ, ನನಗೆ ಅದೇ ಔಷಧಿ’ ಅನ್ನುತ್ತಾರೆ. ಈಚೆಗೆ ಸಾರಿಗೆ ಖಾರ ಕಮ್ಮಿ ಹಾಕು ಅಂತಲೂ ಶುರು ಮಾಡಿದ್ದಾರೆ. ಲಂಡನ್ನಿನಲ್ಲಿ ನರ್ಸ್ ಆಗಿರುವ ನನ್ನ ತಂಗಿ, ಅಲ್ಲಿ ನೆಲೆಸಿರುವ ಬಾಂಗ್ಲಾದೇಶದ ವಯಸ್ಸಾದ ಹೆಂಗಸರೂ ಇದೇ ಮಾತು ಹೇಳುತ್ತಾರೆ ಎಂದಳು. ಸೊಪ್ಪಿಗೆ ನಿಜವಾಗಿಯೂ ನೋವು ಕಳೆಯುವ ಗುಣ ಇದೆಯೇ? ಈ ವಯಸ್ಸಿನಲ್ಲಿ ಬಿಡಿಸಿ ಏನು ಪ್ರಯೋಜನ?
ಓದುಗರೊಬ್ಬರು, ಜಾವಗಲ್

ಉತ್ತರ: ನಿಮ್ಮತ್ತೆ ನೆಪ ಹೇಳುತ್ತಿಲ್ಲ. ಅವರಿಗೆ ಆಗುತ್ತಿರುವುದನ್ನೇ ಹೇಳುತ್ತಿದ್ದಾರೆ. ಆದರೆ ನೀವು ನಡುವೆ ಸುಮ್ಮನೆ ಹೇಳಿ ಮುಂದೆ ಹೋದ ಖಾರದ ಮಾತು ನನಗೆ ಹಲ್ಲುನೋವಿಗಿಂತ ದೊಡ್ಡದಾಗಿ ಕಂಡಿತು. ಮೊದಲು ನೋವಿನ ವಿಷಯ ಮುಗಿಸಿಕೊಂಡು ಅಲ್ಲಿಗೆ ಬರುತ್ತೇನೆ.

ನಿಮ್ಮ ತಂಗಿ ಹೇಳಿದ್ದು ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಕಡೆಯ ಜನರ ಸುದ್ದಿ ಇರಬೇಕು. ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯಿಂದ ಹೋದ ಕುಟುಂಬಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಗಂಡಸರು ಸಿಗರೇಟು ಸೇದಿದರೆ ಹೆಂಗಸರದು ಪಾನ್: ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಣಗಿದ ಸೊಪ್ಪು ಅಥವಾ ಜರ್ದಾ. ಅಲ್ಲಿನ ದಂತವೈದ್ಯರು 1990ರ ದಶಕದಿಂದಲೂ ಈ ಹೆಂಗಸರ ಬಾಯಿಯ ಆರೋಗ್ಯದ ಬೆನ್ನು ಹತ್ತಿದ್ದಾರೆ. ಸೊಪ್ಪು ಬಿಡಲು ಹೊರಟ ಬಾಂಗ್ಲಾ ಹೆಂಗಸರ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮ್ಮತ್ತೆಯ ಮಾತಿಗೆ ಸಾಕ್ಷಿ ನುಡಿದಂತಿದೆ. ಬಿಡುವ ಹೊತ್ತಿಗೆ ಅವರಲ್ಲಿ ಹಲವರಿಗೆ ಬಾಯಿನೋವು ಕಾಣಿಸಿಕೊಂಡಿತ್ತು. ನೋವು ಹೊಸದಾಗಿ ಹುಟ್ಟಿದ್ದಲ್ಲ, ಒಳಗೇ ಇತ್ತು. ಅಷ್ಟು ದಿನ ಸೊಪ್ಪು ಅದನ್ನು ಮುಚ್ಚಿಟ್ಟಿತ್ತು.

ನಿಕೋಟಿನ್‌ಗೆ ನೋವಿನ ಅರಿವನ್ನು ಮಂದ ಮಾಡುವ ಗುಣ ಇದೆ. ಅದಕ್ಕೆ ಸುಣ್ಣ ಬೇರೆ ಒತ್ತಾಸೆ. ಸುಣ್ಣ ಬೆರೆತಾಗ ಬಾಯಿಯ ರಸ ಕ್ಷಾರವಾಗುತ್ತದೆ. ಸೊಪ್ಪಿನೊಳಗಿನ ನಿಕೋಟಿನ್ ಆಗ ಬಿಡುಗಡೆಯಾಗಿ ಕೆನ್ನೆಯ ಒಳಪದರದಿಂದ ಸರಸರನೆ ರಕ್ತಕ್ಕೆ ಇಳಿಯುತ್ತದೆ. ಬರೀ ಸೊಪ್ಪು ಅಗಿದರೆ ‘ಏರದು’, ಸುಣ್ಣ ಬಿದ್ದರೇ ಮಜಾ ಎಂದು ನಮ್ಮ ಕಡೆ ಹೇಳುವುದರ ಹಿಂದಿನ ರಸಾಯನಶಾಸ್ತ್ರ ಇಷ್ಟೆ. ಅದೇ ಸುಣ್ಣ ಕೆನ್ನೆಯ ಒಳಚರ್ಮವನ್ನು ಕೊರೆಯುತ್ತದೆ, ಅಡಿಕೆಯ ಚೂರು ಗೀರುತ್ತದೆ, ಸೊಪ್ಪು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಉಂಡೆ ಇಟ್ಟುಕೊಳ್ಳುವ ಕಡೆ ಒಸಡು ಕೆಳಕ್ಕೆ ಸರಿದು ಬೇರು ಬಯಲಾಗುತ್ತದೆ. ಬೇರಿಗೆ ಹುಳುಕು ಹತ್ತುತ್ತದೆ, ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಆ ನೋವಿಗೆ ಮತ್ತೊಂದು ಎಸಳು ಸೊಪ್ಪು. ಹಲ್ಲು ಕೆಡಿಸಿದ್ದೂ ಅದೇ, ಕೆಟ್ಟ ಹಲ್ಲನ್ನು ಸಮಾಧಾನ ಮಾಡುತ್ತಿರುವುದೂ ಅದೇ.

ಹಾಗಾಗಿ ‘ಇವತ್ತಿನಿಂದ ಸಂಚಿ ಮುಟ್ಟಬೇಡಿ’ ಎಂದು ಏಕಾಏಕಿ ಕಿತ್ತುಕೊಂಡರೆ ಅತ್ತೆ ವಾರದೊಳಗೆ ಮತ್ತೆ ಸಂಚಿ ಬಿಚ್ಚುತ್ತಾರೆ. ಅವರದು ತಪ್ಪೂ ಅಲ್ಲ. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಕೀಳಬೇಕಾದ್ದನ್ನು ಕೀಳಿಸಿ, ಒಸಡು ಸ್ವಚ್ಛ ಮಾಡಿಸಿ, ನೋವಿಗೆ ಸರಿಯಾದ ಮಾತ್ರೆ ಕೈಯಲ್ಲಿಟ್ಟುಕೊಂಡು ಆಮೇಲೆ ಸೊಪ್ಪಿನ ಸುದ್ದಿಗೆ ಬನ್ನಿ. ನಮ್ಮ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿ ನಡೆಯುವುದೇ ಹೆಚ್ಚು. ಮೊದಲು ಬೈಗುಳ, ಆಮೇಲೆ ಮುನಿಸು, ಡಾಕ್ಟರು ಯಾವತ್ತೋ.

ಹಾಸನದ ಕಡೆ ಹಲ್ಲು ಹಾಳಾದದ್ದು ಇಷ್ಟು ತಡವಾಗಿ ಬೆಳಕಿಗೆ ಬರುವುದಕ್ಕೆ ನಮ್ಮ ಊಟವೂ ಒಂದು ಕಾರಣ ಎಂದು ನನ್ನ ಅನಿಸಿಕೆ. ರೊಟ್ಟಿಯ ಸೀಮೆಯಲ್ಲಿ ಹಲ್ಲು ಹೋದವರು ಊಟಕ್ಕೆ ಕೂತ ದಿನವೇ ಗೊತ್ತಾಗುತ್ತಾರೆ. ಇಲ್ಲಿ ಮುದ್ದೆ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರಾಯಿತು. ಬಾಯಲ್ಲಿ ನಾಲ್ಕೇ ಹಲ್ಲಿದ್ದರೂ ಊಟ ಸಾಗುತ್ತದೆ. ‘ಚೆನ್ನಾಗಿ ಉಣ್ಣುತ್ತಾರಲ್ಲ’ ಎಂದು ಮನೆಯವರು ನಿಶ್ಚಿಂತೆಯಿಂದಿರುತ್ತಾರೆ.

ಈಗ ಖಾರದ ವಿಷಯ. ವರ್ಷಗಟ್ಟಲೆ ಎಲೆಅಡಿಕೆ ಹಾಕಿದವರಿಗೆ ಇದ್ದಕ್ಕಿದ್ದಂತೆ ಸಾರು ಉರಿಯತೊಡಗಿದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ರಕ್ತಹೀನತೆಯಿಂದಲೂ ಬಾಯಿ ಉರಿಯಬಹುದು, ಬೂಷ್ಟಿನ ಸೋಂಕಿನಿಂದಲೂ ಆಗಬಹುದು. ಆದರೆ ಅಡಿಕೆ ಅಗಿಯುವವರಲ್ಲಿ ಮೊದಲು ಅನುಮಾನಿಸಬೇಕಾದ್ದು ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆಯನ್ನು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ವೈದ್ಯಲೋಕ ಇದನ್ನು ಮೊದಲು ದಾಖಲಿಸಿದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ. ಊರು ಬಿಟ್ಟು ಹೋದವರ ಜೊತೆ ಎಲೆಅಡಿಕೆಯ ಸಂಚಿಯೂ ಹೋಗುತ್ತದೆ, ಸಂಚಿಯ ಹಿಂದೆಯೇ ಕಾಯಿಲೆಯೂ. ಮೊದಲು ಖಾರ ತಡೆಯುವುದಿಲ್ಲ, ನಿಧಾನಕ್ಕೆ ಬಾಯಿ ತೆರೆಯುವುದು ಕಮ್ಮಿಯಾಗುತ್ತದೆ. ಅತ್ತೆಯ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿ. ಎರಡೇ ಹಿಡಿಸಿದರೆ ತಡ ಮಾಡಬೇಡಿ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಬಹುದು. ಬೆಳಿಗ್ಗೆ, ಎಲೆ ಹಾಕುವ ಮುಂಚೆ, ಬಾಯಿ ಚೆನ್ನಾಗಿ ಮುಕ್ಕಳಿಸಲು ಹೇಳಿ ಜಗಲಿಯ ಬೆಳಕಿಗೆ ಕೂರಿಸಿ. ಮೊಬೈಲ್ ಟಾರ್ಚ್ ಹಿಡಿದು ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆಯಿರಿ. ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವೆ ಇರುವ ಸಂದಿ ಕಾಣುತ್ತದಲ್ಲ, ಉಂಡೆ ಕೂರುವುದು ಅಲ್ಲೇ. ನಮ್ಮ ದೇಶದ ಬಾಯಿ ಕ್ಯಾನ್ಸರ್ ಬಹುಪಾಲು ಶುರುವಾಗುವುದೂ ಅಲ್ಲೇ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಮುಟ್ಟಿದರೆ ಗಟ್ಟಿಯಾಗಿರುವ ಹುಣ್ಣು, ಎರಡು ವಾರವಾದರೂ ಮಾಯದ ಗಾಯ, ಇವುಗಳಲ್ಲಿ ಯಾವುದು ಕಂಡರೂ ತೋರಿಸಿ. ನಾಲಗೆಯ ಎರಡೂ ಅಂಚು, ನಾಲಗೆಯ ಕೆಳಗಿನ ನೆಲ ಬಿಡಬೇಡಿ. ಕತ್ತಿನಲ್ಲಿ ಗಂಟು ಇದೆಯೇ ಒತ್ತಿ ನೋಡಿ. ನೋವಿಲ್ಲ ಎಂದು ಸುಮ್ಮನಾಗುವುದೇ ಇದರಲ್ಲಿ ಎಲ್ಲರೂ ಬೀಳುವ ಹಳ್ಳ. ಶುರುವಿನ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ. ಮೇಲಿಂದ ಸೊಪ್ಪು ಬೇರೆ ನೋವು ಮುಚ್ಚುತ್ತಿರುತ್ತದೆ.

ಭಯ ಹುಟ್ಟಿಸಲು ಹೇಳುತ್ತಿಲ್ಲ. 2022ರಲ್ಲಿ ಜಗತ್ತಿನಾದ್ಯಂತ ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,200 ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅದರಲ್ಲಿ 83,400 ಭಾರತದಲ್ಲೇ. ಅಡಿಕೆಯ ಹೆಸರೂ ಇರುವುದನ್ನು ಗಮನಿಸಿ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಇದೇ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ಸೀಮೆಯಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ. ರುಚಿಸದಿದ್ದರೂ ಹೇಳಬೇಕಾದ್ದೇ. ಸೊಪ್ಪು ಬಿಟ್ಟು ಎಲೆಅಡಿಕೆ ಉಳಿಸಿಕೊಂಡರೆ ಅಪಾಯ ತಗ್ಗುತ್ತದೆ, ತೀರುವುದಿಲ್ಲ.

‘ಹಿಂದಿನಿಂದ ಬಂದ ಪದ್ಧತಿ’ ಎಂದು ಅತ್ತೆ ಹೇಳಿದರೆ ಅವರನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳರ ಕಾಲಕ್ಕೆ ತಾಂಬೂಲ ಇತ್ತು. ಅದೇ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗಕ್ಕೇ ಜಾಗ ಕೊಟ್ಟಿದ್ದಾನೆ. ಆದರೆ ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರದ, ಅಂದರೆ ಇದೇ ಹಳೇಬೀಡಿನ, ಮೇಲೆ ದಂಡೆತ್ತಿ ಬಂದ 1311ರಲ್ಲಿ ಇಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಅಕ್ಬರನ ಆಸ್ಥಾನಕ್ಕೆ ಅದು ತಲುಪಿದ್ದು 1604ರ ಸುಮಾರಿಗೆ, ನಮ್ಮ ಬಿಜಾಪುರದಿಂದಲೇ. ಬೇಲೂರಿನ ಚೆನ್ನಕೇಶವನ ಮುಂದೆ ಯಾವ ಸೊಪ್ಪೂ ಇಲ್ಲದ ತಾಂಬೂಲ ಶತಮಾನಗಳ ಕಾಲ ನಡೆದಿದೆ.

ಗುಟ್ಕಾಕ್ಕೆ 2013ರಲ್ಲೇ ಕರ್ನಾಟಕದಲ್ಲಿ ನಿಷೇಧ ಬಂತು. ಅಜ್ಜಿಯರ ಸಂಚಿಯ ಸೊಪ್ಪಿಗೂ ಕಡ್ಡಿಪುಡಿಗೂ ಆ ನಿಷೇಧ ತಟ್ಟಲಿಲ್ಲ. ಅರಸೀಕೆರೆಯ ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ 16.3 ಮಂದಿ ಹೊಗೆರಹಿತ ತಂಬಾಕು ಬಳಸುವವರು, ಸೇದುವವರು ಶೇ 8.8. ಬಾಯಲ್ಲಿಡುವವರೇ ಹೆಚ್ಚುಕಮ್ಮಿ ಇಮ್ಮಡಿ. ಆದರೂ ನಮ್ಮ ಎಚ್ಚರಿಕೆಯ ಮಾತೆಲ್ಲ ಸಿಗರೇಟಿನ ಸುತ್ತಲೇ. ಇನ್ನೊಂದು ವಿಷಯ: ಮೊಮ್ಮಕ್ಕಳ ಕೈಯಲ್ಲಿ ಅಂಗಡಿಯಿಂದ ಸೊಪ್ಪು ತರಿಸಬೇಡಿ. ಮಕ್ಕಳಿಗೆ ತಂಬಾಕು ಮಾರುವುದು ಅಪರಾಧ.

ಎಲ್ಲಿಗೆ ಹೋಗಬೇಕು? ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 30 ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅನುಮಾನ ಬಂದರೆ ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ ಇದೆ, ಹಾಸನಾಂಬ ದಂತ ಕಾಲೇಜು ಇದೆ. ಅದಕ್ಕೂ ಮುಂದಿನದಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಡಾಕ್ಟರು ‘ತಂಬಾಕು ಸೇವಿಸುತ್ತೀರಾ’ ಎಂದರೆ ಅತ್ತೆ ಇಲ್ಲ ಎಂದುಬಿಟ್ಟಾರು. ದಿನಕ್ಕೆ ಎಷ್ಟು ಸಲ, ಯಾವ ಕಡೆಯ ದವಡೆ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾರೆಯೇ ಎಂಬುದನ್ನು ನೀವೇ ಹೇಳಿ. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರೆ ಒಪ್ಪಿಕೊಳ್ಳಿ. ಹಾಗೆ ತೆಗೆದರೆ ರೋಗ ಹರಡುತ್ತದೆ ಎಂಬ ಮಾತು ಬಸ್ಸಿನಲ್ಲಿ ಕೇಳಿಬರುವುದು, ಆಸ್ಪತ್ರೆಯಲ್ಲಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ಟು ಉಚಿತವಾಗಿ ಆಗುವ ಬಗ್ಗೆಯೂ ವಿಚಾರಿಸಿ. ಆದರೆ ಸೆಟ್ಟು ಹಾಕಿದ ಮೇಲೆ ಸೊಪ್ಪು ಮುಂದುವರಿದರೆ, ಅದರ ಕೆಳಗೆ ಆದ ಹುಣ್ಣನ್ನು ಎಲ್ಲರೂ ‘ಸೆಟ್ಟು ಒತ್ತಿದ್ದು’ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವ ಅಪಾಯವಿದೆ.

ಬಿಡಿಸುವುದು ಹೇಗೆ? ಹಲ್ಲಿನ ನೋವು ಒಂದು ಹದಕ್ಕೆ ಬಂದ ಮೇಲೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಎರಡು ಮೂರು ವಾರ ಸಿಡುಕು, ನಿದ್ದೆ ಬರದಿರುವುದು, ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಗದಿರುವುದು ಎಲ್ಲ ಇರುತ್ತದೆ. ಮೂರನೆಯದಕ್ಕೆ ಹೆದರಿಯೇ ನಮ್ಮ ಹಿರಿಯರು ಮತ್ತೆ ಸೊಪ್ಪಿಗೆ ಕೈ ಹಾಕುತ್ತಾರೆ. ಸೊಪ್ಪು ತರಕಾರಿ, ಬಿಸಿನೀರು ಹೆಚ್ಚಿಸಿ, ಬೇಕಾದರೆ ಡಾಕ್ಟರ ಹತ್ತಿರ ಔಷಧಿ ಕೇಳಿ. ಹಲ್ಲು ಅಲ್ಲಾಡುವವರಿಗೆ ನಿಕೋಟಿನ್ ಚೂಯಿಂಗ್ ಗಮ್ ಆಗದು. ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಕೇಳಬಹುದು. ಬಾಯಿಗೆ ಏನಾದರೂ ಬೇಕೇ ಬೇಕೆಂದರೆ ಸೋಂಪು, ಏಲಕ್ಕಿ. 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ಮಾತನಾಡುತ್ತಾರೆ.

72ಕ್ಕೆ ಬಿಟ್ಟು ಏನು ಪ್ರಯೋಜನ ಎಂದಿರಿ. ಬಿಳಿ ಮಚ್ಚೆ ಎಷ್ಟೋ ಜನರಲ್ಲಿ ಸೊಪ್ಪು ಬಿಟ್ಟ ಕೆಲವು ವಾರಗಳಲ್ಲೇ ತಿಳಿಯಾಗುತ್ತದೆ. ಕ್ಯಾನ್ಸರೇ ಆಗಿದ್ದರೂ ಚಿಕ್ಕದಿರುವಾಗ ಸಿಕ್ಕರೆ ಒಂದು ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುವುದುಂಟು. ಕತ್ತಿಗಿಳಿದ ಮೇಲೆ ಸಿಕ್ಕರೆ ದವಡೆ ತೆಗೆಯುವ, ರೇಡಿಯೇಶನ್ ಕೊಡುವ ಮಾತು ಬರುತ್ತದೆ. ಎರಡಕ್ಕೂ ನಡುವಿನ ವ್ಯತ್ಯಾಸ ವಯಸ್ಸಿನದಲ್ಲ, ತಿಂಗಳುಗಳದು.

ಕೊನೆಗೆ, ಬೇಲೂರು ತಾಲ್ಲೂಕಿನ ಕಾಫಿ ತೋಟದವರಿಗೊಂದು ಮಾತು. ಅರೇಹಳ್ಳಿ, ಬಿಕ್ಕೋಡು ಕಡೆಯ ಲೈನ್ ಮನೆಗಳಲ್ಲಿ ಈಗ ಅಸ್ಸಾಮು, ಬಂಗಾಳದ ಕಡೆಯ ಕೂಲಿಯವರು ಇದ್ದಾರೆ. ಅವರದೂ ಇದೇ ಅಡಿಕೆ, ಇದೇ ಸುಣ್ಣ, ಇದೇ ತಂಬಾಕು. ಆಸ್ಪತ್ರೆಯಲ್ಲಿ ಹೇಳಿಕೊಳ್ಳಲು ಅವರಿಗೆ ನಮ್ಮ ಭಾಷೆ ಬರುವುದಿಲ್ಲ. ತಪಾಸಣೆಯವರು ಊರಿಗೆ ಬಂದ ದಿನ ಲೈನಿನವರನ್ನೂ ಕರೆದು ಕೂರಿಸಿ, ಭಾಷೆ ಬಲ್ಲ ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿ. ಜಾವಗಲ್ಲಿನವರೇ, ನೀವು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಖಾರ ತಡೆಯುವುದಿಲ್ಲ ಎಂದ ಮೇಲೆ ಈ ವಾರವೇ ಅತ್ತೆಯನ್ನು ಹಾಸನದ ಬಸ್ ಹತ್ತಿಸಿ, ಜೊತೆಗೆ ನೀವೂ ಹೋಗಿ.