ಬಿಳಿ ಫಿಲ್ಲಿಂಗ್ ಮತ್ತು ಹಲ್ಲಿನೊಳಗಿನ ಕತ್ತರಿ



ಈ ಸಲದ ವಿಜ್ಞಾನ ಪಾಠ ಹಲ್ಲಿನ ಬಗ್ಗೆ. ನಾನು ದಂತವೈದ್ಯನಲ್ಲ, ಓದಿದ್ದು ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ "ಬಿಳಿ ಫಿಲ್ಲಿಂಗ್ ಹಾಕಿಸಿ ಕೆಲವೇ ವರ್ಷವಾಯಿತು, ಅಂಚಿನಲ್ಲಿ ಮತ್ತೆ ಹುಳುಕು" ಎಂಬ ಮಾತು ನಮ್ಮ ಬಳಗದಲ್ಲಿ ಆಗಾಗ ಕೇಳುತ್ತೇನೆ. ಇದಕ್ಕೆ ಪ್ರಯೋಗಾಲಯಗಳಲ್ಲಿ ಸಿಕ್ಕ ಒಂದು ಉತ್ತರ ಬಹಳ ಸ್ವಾರಸ್ಯಕರ!

ಹಲ್ಲಿನ ಹೊರಕವಚ ಎನಾಮಲ್. ತೂಕದಲ್ಲಿ ಸುಮಾರು ಶೇ. 96 ಖನಿಜವೇ. ಅದರ ಕೆಳಗಿನ ಡೆಂಟಿನ್‌ನಲ್ಲಿ ಸುಮಾರು ಶೇ. 70 ಖನಿಜ, ಶೇ. 20 ಸಾವಯವ ವಸ್ತು, ಉಳಿದದ್ದು ನೀರು. ಸಾವಯವ ಭಾಗದಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣದ ಸರಳು ಇರುವ ಹಾಗೆ. ಮಾಂಸಾಹಾರಿಗಳ ಮನೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದು: ಕೋಳಿ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿಡಿ. ಖನಿಜ ಕರಗಿ, ಮೂಳೆ ರಬ್ಬರಿನಂತೆ ಬಾಗುತ್ತದೆ. ಉಳಿದದ್ದು ಹೆಚ್ಚಾಗಿ ಕೊಲಾಜೆನ್.

ಆಸಿಡ್ ಸವರಿ ಎನಾಮಲ್ ಮೇಲ್ಮೈಯನ್ನು ಒರಟು ಮಾಡಿದರೆ ರೆಸಿನ್ ಗಟ್ಟಿಯಾಗಿ ಹಿಡಿಯುತ್ತದೆಂದು 1955ರಲ್ಲಿ ಅಮೆರಿಕದ ಮೈಕೆಲ್ ಬುಯೊನೊಕೋರ್ ತೋರಿಸಿದರು. ಒದ್ದೆಯಾದ ಡೆಂಟಿನ್ ಮಾತ್ರ ಅಷ್ಟು ಸುಲಭವಾಗಿ ಬಗ್ಗಲಿಲ್ಲ. 1982ರಲ್ಲಿ ಜಪಾನಿನ ನೊಬುವೊ ನಕಬಯಾಶಿ ತಂಡದವರು ಅಲ್ಲಿ ನಡೆಯುವುದನ್ನು ವಿವರಿಸಿದರು: ಆಸಿಡ್ ಖನಿಜವನ್ನು ತೆಗೆದ ಜಾಗಕ್ಕೆ ರೆಸಿನ್ ಇಳಿದು, ಕೊಲಾಜೆನ್ ಎಳೆಗಳನ್ನು ಸುತ್ತಿಕೊಂಡು ಗಟ್ಟಿಯಾಗುತ್ತದೆ. ಇದೇ ಹೈಬ್ರಿಡ್ ಪದರ. ದಪ್ಪ ಕೆಲವೇ ಮೈಕ್ರಾನ್!

ತೊಂದರೆ ಇರುವುದು ಇಲ್ಲೇ. ರೆಸಿನ್ ಎಲ್ಲೆಡೆ ತಳದವರೆಗೆ ಇಳಿಯುವುದಿಲ್ಲ. ಕೆಲವು ಎಳೆಗಳು ನೀರಿನಲ್ಲಿ ಬರಿಮೈಯಲ್ಲಿ ಉಳಿಯುತ್ತವೆ. 2004ರಲ್ಲಿ ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು ಆಸಿಡ್ ಹಾಕಿದ ಡೆಂಟಿನ್ ತುಂಡುಗಳನ್ನು ಬ್ಯಾಕ್ಟೀರಿಯಾ ಇಲ್ಲದ ಕೃತಕ ಜೊಲ್ಲಿನಲ್ಲಿ ಇಟ್ಟರು. 250 ದಿನಗಳಲ್ಲಿ ಬರಿಮೈಯ ಕೊಲಾಜೆನ್ ಬಹುತೇಕ ಮಾಯ! ನೀರಿಲ್ಲದ ಖನಿಜ ತೈಲದಲ್ಲಿ ಇಟ್ಟವು, ಕಿಣ್ವಗಳನ್ನು ತಡೆಯುವ ರಾಸಾಯನಿಕ ಬೆರೆಸಿದವು ಉಳಿದುಕೊಂಡವು.

ಹಾಗಾದರೆ ಕತ್ತರಿಸಿದವರು ಯಾರು? ನಮ್ಮ ಹಲ್ಲೇ! ಹಲ್ಲು ರೂಪುಗೊಳ್ಳುವಾಗ ಎಂಎಂಪಿ ಎಂಬ ಕಿಣ್ವಗಳು ಡೆಂಟಿನ್‌ನಲ್ಲಿ ಸಿಕ್ಕಿಕೊಂಡು ಮಲಗಿರುತ್ತವೆ. ಅಂಟಿಸಲು ಹಾಕುವ ಆಸಿಡ್ಡೇ ಅವನ್ನು ಎಬ್ಬಿಸುತ್ತದೆ. ಕೊಲಾಜೆನ್ ಕತ್ತರಿಸಲು ಅವಕ್ಕೆ ನೀರು ಬೇಕು. ಬಾಯಲ್ಲಿ ನೀರಿಗೆ ಬರವೇ?

ಕ್ಲೋರ್‌ಹೆಕ್ಸಿಡಿನ್ ಈ ಕಿಣ್ವಗಳನ್ನು ತಡೆಯುತ್ತದೆ. ಆದರೆ ಕಾಲಕ್ರಮೇಣ ಅದು ತೊಳೆದು ಹೋಗಬಲ್ಲದು. ಆದ್ದರಿಂದ ಹೆಚ್ಚು ಬಾಳುವ ಉಪಾಯಗಳ ಹುಡುಕಾಟ ನಡೆದಿದೆ. ಮನೆಯಲ್ಲಿ ಅದರಿಂದ ಬಾಯಿ ಮುಕ್ಕಳಿಸಿದರೆ ಫಿಲ್ಲಿಂಗ್ ಅಡಿಗೆ ತಲುಪುವುದಿಲ್ಲ, ನೆನಪಿರಲಿ.

ಹಾಗೆಂದು ಸಿಹಿಗೆ ಮಾಫಿ ಇಲ್ಲ. ಅಂಟು ಬಿಟ್ಟ ಸಂದಿಯಲ್ಲಿ ಹುಳುಕು ಮಾಡುವುದು ಸಕ್ಕರೆ ತಿಂದು ಆಸಿಡ್ ಬಿಡುವ ಬ್ಯಾಕ್ಟೀರಿಯಾಗಳೇ. ಈ ಸಂದಿ ಮೊದಮೊದಲು ನೋಯುವುದೂ ಇಲ್ಲ. "ಊರಿಗೆ ಹೋದಾಗ ತೋರಿಸಿದರಾಯಿತು" ಎಂದು ಎರಡು ವರ್ಷ ತಳ್ಳಿದರೆ, ಸಣ್ಣ ರಿಪೇರಿಯಲ್ಲಿ ಮುಗಿಯುವುದು ರೂಟ್ ಕೆನಾಲ್‌ವರೆಗೆ ಹೋಗಬಹುದು. ಬಿಳಿ ಫಿಲ್ಲಿಂಗ್ ಇರುವವರು ಮುಂದಿನ ತಪಾಸಣೆಯಲ್ಲಿ ಅದರ ಅಂಚನ್ನೂ ನೋಡಲು ಹೇಳಿ. ಮಕ್ಕಳ ಹಲ್ಲನ್ನೂ ತೋರಿಸಿ.

ಮತ್ತೆ ಸಿಗೋಣ.